ಮೆಡಿಕಲ್ ಸೀಟಿಗೆ ಇಂಟರ್‌ವ್ಯೂ: ಎಲ್ಲಿದೆ, ಎಲ್ಲಿಲ್ಲ, ಏನು ಕೇಳುತ್ತಾರೆ

ನೀಟ್ ಫಲಿತಾಂಶ ಬಂದ ವಾರ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಸರ, ಇಂಟರ್‌ವ್ಯೂದಾಗ ಏನೇನ್ ಕೇಳ್ತಾರ್ರೀ?" ಗದಗಿನಿಂದಲೂ ಅದೇ, ರಾಣೇಬೆನ್ನೂರಿನಿಂದಲೂ ಅದೇ, ಹುಬ್ಬಳ್ಳಿ ವಿದ್ಯಾನಗರದ ಹಾಸ್ಟೆಲುಗಳಿಂದಲೂ ಅದೇ. ಒಬ್ಬ ಪಾಲಕರಂತೂ ಮಗಳನ್ನು ಹದಿನೈದು ದಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಕಳಿಸಿದರು. ಅದೇ ಹದಿನೈದು ದಿನದಲ್ಲಿ ಮಾಡಿಸಬೇಕಿದ್ದ ಜಾತಿ-ಆದಾಯ ಪ್ರಮಾಣಪತ್ರ ಮಾತ್ರ ಹಾಗೇ ಉಳಿದಿತ್ತು. ಹಾಗಾಗಿ ಒಮ್ಮೆ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಹಂತ 1: ನಿಮ್ಮ ದಾರಿಯಲ್ಲಿ ಇಂಟರ್‌ವ್ಯೂ ಇದೆಯೋ ಇಲ್ಲವೋ ನೋಡಿಕೊಳ್ಳಿ

ಕರ್ನಾಟಕದ ಎಂಬಿಬಿಎಸ್ ಸೀಟಿಗೆ ಇಂಟರ್‌ವ್ಯೂ ಇಲ್ಲ. ಹುಬ್ಬಳ್ಳಿಯ ಕೆಎಂಸಿಆರ್‌ಐ (ನಮ್ಮ ಬಾಯಲ್ಲಿ ಇನ್ನೂ ಕಿಮ್ಸೇ), ಗದಗಿನ ಜಿಮ್ಸ್, ಹಾವೇರಿಯ ಹಿಮ್ಸ್, ಯಾವುದಕ್ಕೂ ಇಲ್ಲ. ನೀಟ್ ರ‍್ಯಾಂಕ್, ನಿಮ್ಮ ಮೀಸಲಾತಿ ವರ್ಗ, ನೀವು ತುಂಬಿದ ಕಾಲೇಜುಗಳ ಪಟ್ಟಿ, ಈ ಮೂರನ್ನು ನೋಡಿ ಗಣಕವೇ ಸೀಟು ಹಂಚುತ್ತದೆ. ಹಂಚುವವರು ಇಬ್ಬರು. ರಾಜ್ಯದ ಪಾಲಿನ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಸರ್ಕಾರಿ ಕಾಲೇಜುಗಳ ಶೇ. 15 ಅಖಿಲ ಭಾರತ ಕೋಟಾ, ಏಮ್ಸ್, ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ದೆಹಲಿಯ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ, ಅಂದರೆ ಎಂಸಿಸಿ. ಈ ಕೆಲಸಕ್ಕೆ ಕೌನ್ಸೆಲಿಂಗ್ ಎಂಬ ಹೆಸರಿಟ್ಟಿದ್ದೇ ಗೊಂದಲಕ್ಕೆ ಮೂಲ. ಅಲ್ಲಿ ಯಾರೂ ನಿಮ್ಮನ್ನು ಕೂರಿಸಿಕೊಂಡು ಸಲಹೆ ಕೊಡುವುದಿಲ್ಲ, ಪರೀಕ್ಷೆಯನ್ನೂ ಮಾಡುವುದಿಲ್ಲ.

ಹಿಂದೆ ಹೀಗಿರಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ (ಸಿಎಂಸಿ) ದಿನಗಟ್ಟಲೆ ಸಂದರ್ಶನ ನಡೆಸಿ ವಿದ್ಯಾರ್ಥಿಗಳನ್ನು ಆರಿಸುತ್ತಿದ್ದರು. ನೀಟ್ ಕಡ್ಡಾಯವಾದಾಗ ಆ ಕಾಲೇಜು ಒಪ್ಪದೆ, 2017ರಲ್ಲಿ ಎಂಬಿಬಿಎಸ್‌ಗೆ ಒಬ್ಬನೇ ವಿದ್ಯಾರ್ಥಿಯನ್ನು ಸೇರಿಸಿಕೊಂಡಿತ್ತು. 2020ರಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟೇ ಸರಿ ಎಂದಿತು. ಮನೆಯ ಹಿರಿಯ ಡಾಕ್ಟರು ಯಾರಾದರೂ "ನಮ್ಮ ಕಾಲಕ್ಕ ಇಂಟರ್‌ವ್ಯೂ ಇತ್ತು" ಅಂದರೆ ಸುಳ್ಳಲ್ಲ, ಆದರೆ ಅದು ಆ ಕಾಲದ ಮಾತು.

ಈಗಲೂ ನಿಜವಾದ ಇಂಟರ್‌ವ್ಯೂ ಇರುವ ದೊಡ್ಡ ಕಡೆ ಒಂದಿದೆ: ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಎಎಫ್‌ಎಂಸಿ. ಅಲ್ಲಿಗೆ ಅರ್ಜಿ ಹಾಕದವರು ಹಂತ 2 ಮತ್ತು 3 ಓದಿ, ನೇರ ಕೊನೆಯ ಎರಡು ಹಂತಕ್ಕೆ ಹೋಗಬಹುದು.

ಹಂತ 2: ಕಾಗದ ಮೊದಲು, ಮಾತು ಆಮೇಲೆ

ಕೆಇಎ ದಾರಿಯಲ್ಲಿ ನಿಮ್ಮ ಪರವಾಗಿ ಮಾತಾಡುವುದು ಕಾಗದ. ಮೇ ತಿಂಗಳು ಮುಗಿಯುವುದರೊಳಗೆ ಇವು ಕೈಯಲ್ಲಿರಲಿ:

- ಎಸ್ಸೆಸ್ಸೆಲ್ಸಿ ಮತ್ತು ಪಿಯು ದ್ವಿತೀಯ ವರ್ಷದ ಮಾರ್ಕ್ಸ್ ಕಾರ್ಡ್
- ನೀಟ್ ಹಾಲ್ ಟಿಕೆಟ್, ಸ್ಕೋರ್ ಕಾರ್ಡ್ (ಇದೊಂದು ಫಲಿತಾಂಶ ಬಂದ ಮೇಲೆ), ನೀಟ್ ಅರ್ಜಿಗೆ ಅಂಟಿಸಿದ ಅದೇ ಫೋಟೊದ ಪ್ರತಿಗಳು
- ವ್ಯಾಸಂಗ ಪ್ರಮಾಣಪತ್ರ, ಅಂದರೆ ಯಾವ ವರ್ಷ ಯಾವ ಶಾಲೆಯಲ್ಲಿ ಓದಿದಿರಿ ಎಂಬ ಬರಹ. ಹೆಡ್ ಮಾಸ್ತರರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ
- ಮೀಸಲಾತಿ ಕೇಳುವವರಿಗೆ ನಾಡ ಕಚೇರಿಯ ಪ್ರಮಾಣಪತ್ರ: ಪರಿಶಿಷ್ಟರಿಗೆ ಫಾರಂ ಡಿ, ಪ್ರವರ್ಗ 1ಕ್ಕೆ ಫಾರಂ ಇ, 2ಎಯಿಂದ 3ಬಿವರೆಗೆ ಫಾರಂ ಎಫ್
- ಗ್ರಾಮೀಣ ಅಥವಾ ಕನ್ನಡ ಮಾಧ್ಯಮ ಕೋಟಾ ಕೇಳುವವರಿಗೆ ಅದರದರ ಪ್ರಮಾಣಪತ್ರ, ಇವಕ್ಕೂ ಬಿಇಒ ಮೇಲುಸಹಿ

ನಾಡ ಕಚೇರಿಯ ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಕೆಇಎ ನೋಡುವುದು ಆ ಸಂಖ್ಯೆಯನ್ನು. ಕಾಗದ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ತೂಗಿಹಾಕಿದ್ದರೂ ಆರ್‌ಡಿ ಸಂಖ್ಯೆ ಜಾಲತಾಣದಲ್ಲಿ ತೆರೆದುಕೊಳ್ಳದಿದ್ದರೆ ಲೆಕ್ಕಕ್ಕಿಲ್ಲ. ಅರ್ಜಿ ತುಂಬುವ ಮೊದಲೇ ಮೊಬೈಲಿನಲ್ಲಿ ಹಾಕಿ ನೋಡಿ, ಹೆಸರಿನ ಪ್ರತಿ ಅಕ್ಷರವನ್ನೂ ಓದಿ.

ನಮ್ಮ ಕಡೆಯವರು ಎಡವುವ ಜಾಗಗಳು ಬಹುತೇಕ ಇಲ್ಲೇ ಇವೆ.

ಮೊದಲನೆಯದು ಅಡ್ಡಹೆಸರು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಪೂರ್ತಿ. ಆಧಾರ್‌ನಲ್ಲಿ ಇನಿಶಿಯಲ್ ಮಾತ್ರ. ನೀಟ್ ಅರ್ಜಿಯಲ್ಲಿ ಸೈಬರ್ ಅಂಗಡಿಯವನು ತನಗೆ ತೋಚಿದಂತೆ ಹೊಡೆದದ್ದು. ಮೂರೂ ಎಸ್ಸೆಸ್ಸೆಲ್ಸಿ ಕಾರ್ಡಿಗೆ ಸರಿಹೊಂದಬೇಕು. ಹಳೆಯ ಕಾಗದದಲ್ಲಿ ಊರು ಹುಬ್ಳಿ ಎಂದೂ ಹೊಸದರಲ್ಲಿ ಹುಬ್ಬಳ್ಳಿ ಎಂದೂ ಇದ್ದರೆ ಚಿಂತೆ ಬೇಡ, 2014ರ ನವೆಂಬರಿನಲ್ಲಿ ಸರ್ಕಾರವೇ ಇಂಗ್ಲಿಷ್ ಬರಹ ಬದಲಿಸಿದೆ. ಆದರೆ ನಿಮ್ಮ ಹೆಸರನ್ನು ಸರ್ಕಾರ ಬದಲಿಸಿಲ್ಲ.

ಎರಡನೆಯದು ಗ್ರಾಮೀಣ ಕೋಟಾ. ಇದಕ್ಕೆ ಶೇ. 15 ಸೀಟುಗಳಿವೆ. ಒಂದನೇ ತರಗತಿಯಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. "ಒಂದ ವರ್ಷ ಅಷ್ಟ ಅಜ್ಜಿ ಮನ್ಯಾಗ ಇದ್ದು ಗದಗದಾಗ ಓದ್ಯಾನ್ರೀ" ಅಂದರೆ ಮುಗಿಯಿತು, ಸಿಗುವುದಿಲ್ಲ. ಇನ್ನೊಂದು ಮೋಸದ ತಿರುವು: ಉಣಕಲ್, ಸತ್ತೂರು ನೋಡಲು ಹಳ್ಳಿಯಂತೆ ಕಂಡರೂ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯೊಳಗಿವೆ. ಎಮ್ಮೆ ಕಟ್ಟಿದ ಮಾತ್ರಕ್ಕೆ ಊರು ಗ್ರಾಮೀಣ ಆಗುವುದಿಲ್ಲ. ಕನ್ನಡ ಮಾಧ್ಯಮದ ಶೇ. 5ಕ್ಕೂ ಹೀಗೇ, ಹತ್ತೂ ವರ್ಷ ಕನ್ನಡದಲ್ಲೇ ಓದಿರಬೇಕು.

ಮೂರನೆಯದು 371ಜೆ, ಅಂದರೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳವರಿಗೆ ಸೀಟು ಮೀಸಲಿಡುವ ಸಂವಿಧಾನದ ವಿಧಿ. ಮುಂಡರಗಿ, ರೋಣದ ಕಡೆಯವರು ಪಕ್ಕದ ಕೊಪ್ಪಳದವರಿಗೆ ಸಿಕ್ಕ ಸೀಟು ನೋಡಿ ತಮಗೂ ಇದೆ ಅಂದುಕೊಳ್ಳುತ್ತಾರೆ. ಗದಗ, ಹಾವೇರಿ, ಧಾರವಾಡ ಕಲ್ಯಾಣ ಕರ್ನಾಟಕದಲ್ಲಿ ಇಲ್ಲ.

ನಾಲ್ಕನೆಯದು ಕೇಂದ್ರದ ಒಬಿಸಿ. ಎಂಸಿಸಿಯಲ್ಲಿ ರಾಜ್ಯದ 2ಎ, 3ಬಿ ನಡೆಯುವುದಿಲ್ಲ. ಅಲ್ಲಿ ಕೇಂದ್ರದ ಪಟ್ಟಿ ಬೇರೆ, ಪ್ರಮಾಣಪತ್ರದ ನಮೂನೆ ಬೇರೆ. ರಾಜ್ಯದ ಪಟ್ಟಿಯಲ್ಲಿದ್ದ ಜಾತಿ ಕೇಂದ್ರದ ಪಟ್ಟಿಯಲ್ಲೂ ಇರಲೇಬೇಕೆಂದಿಲ್ಲ. ಇಲ್ಲದಿದ್ದರೆ ಅಲ್ಲಿ ಒಬಿಸಿ ಎಂದು ತುಂಬಬೇಡಿ.

ಹಂತ 3: ಪರಿಶೀಲನೆಯ ಮೇಜು

ದಾಖಲೆಗಳಲ್ಲಿ ಬಹಳಷ್ಟನ್ನು ಈಗ ಗಣಕದಲ್ಲೇ ತಾಳೆ ನೋಡುತ್ತಾರೆ. ವಿಶೇಷ ವರ್ಗ ಕೇಳಿದವರಿಗೆ, ಕಾಗದ ತಾಳೆಯಾಗದವರಿಗೆ ಖುದ್ದಾಗಿ ಬರಲು ಹೇಳಬಹುದು. ಇದನ್ನೇ ಹುಡುಗರು ಇಂಟರ್‌ವ್ಯೂ ಎಂದು ಹೆದರಿಕೊಂಡು ಬರುವುದು. ಮೇಜಿನ ಆಚೆ ಕುಳಿತವರು ಕೇಳುವುದು ಇಷ್ಟೇ: ಈ ಪ್ರಮಾಣಪತ್ರದ ಮೂಲ ಪ್ರತಿ ಎಲ್ಲಿ? ನಾಲ್ಕನೇ ತರಗತಿ ಎಲ್ಲಿ ಓದಿದಿ? ಇಲ್ಲಿ ಸೀಲು ಯಾಕಿಲ್ಲ? ಕನ್ನಡದಲ್ಲೇ ಕೇಳುತ್ತಾರೆ, ಕನ್ನಡದಲ್ಲೇ ಹೇಳಿ. ವಿವರಣೆ ಕೊಡುವ ಬದಲು ಕಾಗದ ಕೊಡಿ. ಫೈಲಿನಲ್ಲಿ ಮೂಲ ಪ್ರತಿಗಳು ಮೇಲೆ, ಎರಡು ಸೆಟ್ ಝೆರಾಕ್ಸ್ ಕೆಳಗೆ, ಪಟ್ಟಿಯ ಅನುಕ್ರಮದಲ್ಲೇ ಇರಲಿ.

ಒಂದು ಕಿವಿಮಾತು ಪಾಲಕರಿಗೆ. ಮಗನಿಗೆ ಕೇಳಿದ ಪ್ರಶ್ನೆಗೆ ನೀವು ಉತ್ತರಿಸಬೇಡಿ. ಪರಿಶೀಲನೆ ನಿಮ್ಮದಲ್ಲ.

ಹಂತ 4: ಪುಣೆಗೆ ಹೋಗುವವರು ಮೊದಲು ಮಾಡಬೇಕಾದ್ದು

ಎಎಫ್‌ಎಂಸಿಗೆ ಹೋಗುವ ದಾರಿ ಎಂಸಿಸಿಯಿಂದಲೇ ಶುರು. ಅಲ್ಲಿ ಮೊದಲ ಸುತ್ತಿನ ನೋಂದಣಿ ಮಾಡುವಾಗ ಎಎಫ್‌ಎಂಸಿ ಬೇಕು ಎಂದು ಆರಿಸಬೇಕು. ನೀಟ್‌ನಲ್ಲಿ ಒಳ್ಳೆಯ ಅಂಕ ತೆಗೆದು, ಕೆಇಎಗೆ ಮಾತ್ರ ಅರ್ಜಿ ಹಾಕಿ, "ಪುಣೆದಿಂದ ಕರೀನೇ ಬರ್ಲಿಲ್ಲ" ಎಂದು ಕಾಯುತ್ತ ಕುಳಿತವರನ್ನು ಕಂಡಿದ್ದೇನೆ.

ಅರ್ಹತೆ ಬಿಗಿಯಾಗಿದೆ. ಅವಿವಾಹಿತರಾಗಿರಬೇಕು. ಪಿಯು ಪರೀಕ್ಷೆಯನ್ನು ಮೊದಲ ಪ್ರಯತ್ನದಲ್ಲೇ ಪಾಸಾಗಿರಬೇಕು. ಭೌತ, ರಸಾಯನ, ಜೀವಶಾಸ್ತ್ರ ಸೇರಿ ಕನಿಷ್ಠ ಶೇ. 60, ಇವುಗಳಲ್ಲಿ ಪ್ರತಿಯೊಂದರಲ್ಲೂ ಇಂಗ್ಲಿಷಿನಲ್ಲೂ ಕನಿಷ್ಠ ಶೇ. 50. ಸೀಟುಗಳು ಹುಡುಗರಿಗೆ 115, ಹುಡುಗಿಯರಿಗೆ 30. ಕರೆಯುವುದು ಅದರ ಹಲವು ಪಟ್ಟು ಜನರನ್ನು. ಓದು ಮುಗಿದ ಮೇಲೆ ಸೇನೆಯಲ್ಲಿ ಅಧಿಕಾರಿಯಾಗಿ ಕೆಲಸ ಮಾಡುವುದು ಕಡ್ಡಾಯ. ನಡುವೆ ಬಿಟ್ಟರೆ ಬಾಂಡಿನ ಹಣ, ಅದೂ ಲಕ್ಷಗಳಲ್ಲಿ. "ಮೊದ್ಲ ಸೀಟ್ ಹಿಡೀರಿ, ಆಮ್ಯಾಲ ನೋಡೂಣು" ಎಂಬ ನಮ್ಮ ಸೂತ್ರ ಇಲ್ಲಿಗೆ ಹೊಂದುವುದಿಲ್ಲ. ಮನೆಯಲ್ಲಿ ಕೂತು ಮಾತಾಡಿ ನಿರ್ಧರಿಸಿ.

ಪ್ರಯಾಣದ ಮಾತು: 2024ರ ಸೆಪ್ಟೆಂಬರಿನಲ್ಲಿ ಶುರುವಾದ ಹುಬ್ಬಳ್ಳಿ-ಪುಣೆ ವಂದೇ ಭಾರತ್ ಧಾರವಾಡ, ಬೆಳಗಾವಿ, ಮಿರಜ್ ಮೇಲೆ ಹೋಗುತ್ತದೆ. ಯಾವ ಯಾವ ವಾರ ಓಡುತ್ತದೆ ಎಂದು ನೋಡಿಕೊಂಡೇ ಟಿಕೆಟ್ ಮಾಡಿಸಿ. ಹಿಂದಿನ ದಿನವೇ ಪುಣೆ ಮುಟ್ಟಿರಿ, ಮರಳುವ ಟಿಕೆಟನ್ನು ಅದೇ ದಿನಕ್ಕೆ ಮಾಡಿಸಬೇಡಿ, ಪ್ರಕ್ರಿಯೆ ಒಂದು ದಿನದಲ್ಲಿ ಮುಗಿಯುವುದಿಲ್ಲ.

ಹಂತ 5: ಇಂಟರ್‌ವ್ಯೂಗೆ ಮೊದಲಿನ ಪರೀಕ್ಷೆಗಳು

ಟೊಯೆಲರ್ ಎಂಬುದು ಇಂಗ್ಲಿಷ್ ಭಾಷೆ, ಓದಿ ಅರ್ಥ ಮಾಡಿಕೊಳ್ಳುವುದು, ತರ್ಕ ಇವುಗಳ ಗಣಕ ಪರೀಕ್ಷೆ. 40 ಪ್ರಶ್ನೆ, 80 ಅಂಕ, 30 ನಿಮಿಷ. ತಪ್ಪಿಗೆ ಅರ್ಧ ಅಂಕ ಹೋಗುತ್ತದೆ. ಒಂದು ಪ್ರಶ್ನೆಗೆ ಸಿಗುವುದು ಮುಕ್ಕಾಲು ನಿಮಿಷ ಮಾತ್ರ. ಕನ್ನಡ ಮಾಧ್ಯಮದವರಿಗೆ ಇಲ್ಲಿ ಕಷ್ಟ ಕೊಡುವುದು ಶಬ್ದಗಳಿಗಿಂತ ವೇಗ. ನೀಟ್ ಮುಗಿದ ಮರುದಿನದಿಂದ ದಿನಕ್ಕೊಂದು ಇಂಗ್ಲಿಷ್ ಪುಟ, ಗಡಿಯಾರ ಮುಂದಿಟ್ಟುಕೊಂಡು, ಓದಿ. ಮನೋವೈಜ್ಞಾನಿಕ ಪರೀಕ್ಷೆಯೂ ಒಂದಿರುತ್ತದೆ. ಅದಕ್ಕೆ ತಯಾರಿ ಎಂಬುದಿಲ್ಲ, ನಿಮ್ಮ ಸ್ವಭಾವ ಇದ್ದಂತೆ ಬರೆಯಿರಿ.

ಹಂತ 6: ಇಂಟರ್‌ವ್ಯೂ ಕೋಣೆಯೊಳಗೆ

ಇದಕ್ಕೆ 50 ಅಂಕ. ಒಳಗೆ ಒಬ್ಬರಲ್ಲ, ಒಂದು ಮಂಡಳಿಯೇ ಇರುತ್ತದೆ. ಸಮವಸ್ತ್ರದ ಅಧಿಕಾರಿಗಳನ್ನು ಸಾಲಾಗಿ ಕಂಡರೆ ಎದೆ ಢವಗುಟ್ಟುವುದು ಸಹಜ. ಕಾಯುವ ಹೊತ್ತು ದೊಡ್ಡದು, ಒಳಗಿನ ಹೊತ್ತು ಚಿಕ್ಕದು. ಹೊರಗೆ ಕುಳಿತಾಗ ಬೇರೆ ರಾಜ್ಯದ ಹುಡುಗರು, ಅದರಲ್ಲೂ ಸೈನಿಕ ಶಾಲೆಯಲ್ಲಿ ಓದಿದವರು, ಪಟಪಟ ಇಂಗ್ಲಿಷ್ ಮಾತಾಡುವುದು ಕೇಳಿ ಅರ್ಧ ಧೈರ್ಯ ಅಲ್ಲೇ ಇಳಿದುಹೋಗುತ್ತದೆ. ಅವರ ಮಾತಿಗೆ ಅಂಕ ಕೊಡುವವರು ಆ ಬೆಂಚಿನ ಮೇಲಿಲ್ಲ ಎಂದು ನೆನಪಿಡಿ.

ಬಾಗಿಲಲ್ಲಿ ಅನುಮತಿ ಕೇಳಿ, ನಮಸ್ಕಾರ ಹೇಳಿ, ಕೂರಿ ಎಂದ ಮೇಲೆ ಕೂರಿ. ಕೋಟು-ಟೈ ಸಾಲ ತರುವ ಅವಶ್ಯಕತೆಯಿಲ್ಲ. ಇಸ್ತ್ರಿ ಮಾಡಿದ ತೆಳುಬಣ್ಣದ ಅಂಗಿ, ಗಾಢ ಬಣ್ಣದ ಪ್ಯಾಂಟು, ಪಾಲಿಶ್ ಮಾಡಿದ ಬೂಟು, ಕ್ಷೌರ ಮಾಡಿದ ತಲೆ ಸಾಕು. ಹುಡುಗಿಯರು ದಿನವೂ ಹಾಕಿ ರೂಢಿಯಿರುವ ಚೂಡಿದಾರವನ್ನೇ ಹಾಕಲಿ. ಮೊದಲ ಸಲ ಉಟ್ಟ ಸೀರೆ ಆ ದಿನ ವೈರಿ.

ಪ್ರಶ್ನೆಗಳು ಸಾಮಾನ್ಯವಾಗಿ ಮೂರು ಕಡೆಯಿಂದ ಬರುತ್ತವೆ.

ನಿಮ್ಮಿಂದ ಮತ್ತು ನಿಮ್ಮ ಊರಿನಿಂದ. ಅಡ್ಡಹೆಸರು ಉಳ್ಳಾಗಡ್ಡಿ, ಮೆಣಸಿನಕಾಯಿ, ಅಂಗಡಿ ಎಂದಿದ್ದರೆ ಅರ್ಥ ಕೇಳಿಯೇ ಕೇಳುತ್ತಾರೆ ಎಂದುಕೊಳ್ಳಿ. ನಾಚಿಕೊಳ್ಳದೆ ಎರಡು ವಾಕ್ಯದಲ್ಲಿ ಹೇಳಲು ಬರಬೇಕು. ಮಂಡಳಿ ನಕ್ಕರೆ ನಿಮಗೇ ಒಳ್ಳೆಯದು. ಊರಿನ ಬಗ್ಗೆ ಕೇಳಿದಾಗ ಹುಬ್ಬಳ್ಳಿಯವರು ರೈಲ್ವೆ ಪ್ಲಾಟ್‌ಫಾರ್ಮಿನ 1,507 ಮೀಟರ್ ಉದ್ದ ಹೇಳಿ ನಿಲ್ಲಿಸುತ್ತಾರೆ, ಧಾರವಾಡದವರು ಪೇಡೆ ಹೇಳಿ ನಿಲ್ಲಿಸುತ್ತಾರೆ. ಸೈನ್ಯದವರ ಮುಂದೆ ಕುಳಿತವನು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ, ಅದರ ಬಟ್ಟೆ ಬಾಗಲಕೋಟೆ ಕಡೆ ನೇಯ್ದು ಬರುತ್ತದೆ ಎಂದು ಹೇಳದೇ ಬಂದರೆ ಹೇಗೆ? ಬೆಂಗೇರಿಗೆ ಒಮ್ಮೆ ಹೋಗಿ ನೋಡಿ ಬನ್ನಿ, ಸಿಟಿ ಬಸ್ಸಿನ ದಾರಿ. ಗದಗಿನವರಿಗೆ ಕಪ್ಪತಗುಡ್ಡದ ಔಷಧಿ ಸಸ್ಯಗಳಿವೆ, 1905ರಲ್ಲಿ ಕೃಷಿ ಸಹಕಾರ ಸಂಘ ಶುರುವಾದ ಕಣಗಿನಹಾಳವಿದೆ. ಹಾವೇರಿಯವರಿಗೆ ಏಲಕ್ಕಿ ಹಾರ, ಬ್ಯಾಡಗಿ ಮೆಣಸಿನಕಾಯಿ. ಬ್ಯಾಡಗಿ ಹೇಳಿದರೆ ಬಣ್ಣ ಹೆಚ್ಚು ಖಾರ ಕಡಿಮೆ ಯಾಕೆ ಎಂಬ ಮರುಪ್ರಶ್ನೆ ಬರಬಹುದು: ಬಣ್ಣಕ್ಕೆ ಕ್ಯಾಪ್ಸಾಂಥಿನ್, ಖಾರಕ್ಕೆ ಕ್ಯಾಪ್ಸೈಸಿನ್. ಯಾವ ವಿಷಯ ಎತ್ತಿದರೂ ಅದರ ಮುಂದಿನ ಒಂದು ಮೆಟ್ಟಿಲು ಗೊತ್ತಿರಲಿ.

ಉದ್ದೇಶದಿಂದ. ವೈದ್ಯರು ಯಾಕೆ? ಸೇನೆ ಯಾಕೆ? "ದೇಶಸೇವೆ" ಎಂದರೆ ತಪ್ಪೇನಿಲ್ಲ, ಆದರೆ ಮುಂದಿನ ಪ್ರಶ್ನೆ ಕಾದಿರುತ್ತದೆ: ಮುಂಡರಗಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡಿದರೂ ದೇಶಸೇವೆಯೇ ಅಲ್ಲವೇ? ಇದಕ್ಕೆ ಕಂಠಪಾಠದ ಉತ್ತರ ಇಲ್ಲ. ಮಾವ ಸೈನ್ಯದಲ್ಲಿದ್ದ, ರಜೆಗೆ ಬಂದಾಗ ಹೇಳಿದ ಮಾತು ಮನಸ್ಸಿನಲ್ಲಿ ಉಳಿಯಿತು ಎಂದಿದ್ದರೆ ಹಾಗೇ ಹೇಳಿ. ಖರ್ಚಿಲ್ಲದೆ ಓದಬಹುದು ಎಂಬುದೂ ಒಂದು ಕಾರಣವಾಗಿದ್ದರೆ ಅದನ್ನೂ ಹೇಳಬಹುದು. ಒಕ್ಕಲುತನದ ಮನೆಯ ಹುಡುಗ ಹಣದ ಮಾತೇ ಎತ್ತದಿದ್ದರೆ ಅದೇ ಹೆಚ್ಚು ಅನುಮಾನಕ್ಕೆ ಎಡೆ, ಇದು ನನ್ನ ಅಭಿಪ್ರಾಯ.

ಓದಿನಿಂದ, ಪತ್ರಿಕೆಯಿಂದ. ನಿಮ್ಮ ಜಿಲ್ಲೆಯ ಆರೋಗ್ಯದ ದೊಡ್ಡ ಸಮಸ್ಯೆ ಯಾವುದು ಎಂದು ಕೇಳಿದರೆ ಗದಗ ಜಿಲ್ಲೆಯವರು ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ, ಅದು ಹಲ್ಲು-ಮೂಳೆಗೆ ಏನು ಮಾಡುತ್ತದೆ ಎಂಬ ಬಗ್ಗೆ, ಪಿಯು ಪುಸ್ತಕದ ಮಟ್ಟದಲ್ಲಿ ಹೇಳಲು ಬರಬೇಕು. ಮಹದಾಯಿ ಬಗ್ಗೆ ಕೇಳಿದರೆ ಅಂಥ ಹೊತ್ತಿನಲ್ಲಿ ನಮ್ಮವರ ದನಿ ತಾನಾಗಿ ಏರುತ್ತದೆ. ಮಲಪ್ರಭೆಗೆ ನೀರು ತರುವುದು ನಮ್ಮ ಕಡೆಯ ಬೇಡಿಕೆ, ಗೋವಾದ ಆಕ್ಷೇಪ ಇಂಥದ್ದು, 2018ರಲ್ಲಿ ನ್ಯಾಯಮಂಡಳಿ ತೀರ್ಪು ಕೊಟ್ಟಿದೆ, ಇಷ್ಟು ಹೇಳಿ ಸುಮ್ಮನಾಗಿ. ಮೇಜಿನ ಆಚೆ ಗೋವಾದವರೇ ಇರಬಹುದು.

ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ಪ್ರಶ್ನೆ ಇಂಗ್ಲಿಷಿನಲ್ಲೇ ಬರುತ್ತದೆ ಎಂದುಕೊಂಡು ಹೋಗಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ಚಿಕ್ಕ ವಾಕ್ಯ, ನಿಧಾನ ಮಾತು. ವ್ಯಾಕರಣ ತಪ್ಪಿದರೆ ಹಿಂದಕ್ಕೆ ಹೋಗಿ ತಿದ್ದುತ್ತ ಕೂರಬೇಡಿ. ಅರ್ಜಿಯಲ್ಲಿ ಹವ್ಯಾಸ ಓದು ಎಂದು ಬರೆದಿದ್ದರೆ ಕೊನೆಗೆ ಓದಿದ ಪುಸ್ತಕದ ಬಗ್ಗೆ ಹತ್ತು ನಿಮಿಷ ಮಾತಾಡಲು ಬರಬೇಕು. ಬರದಿದ್ದರೆ ಕಬಡ್ಡಿ ಎಂದೇ ಬರೆಯಿರಿ, ಆದರೆ ಕಬಡ್ಡಿಯ ನಿಯಮ ಗೊತ್ತಿರಲಿ.

ಹಂತ 7: ವೈದ್ಯಕೀಯ ತಪಾಸಣೆ

ಇಂಟರ್‌ವ್ಯೂ ದಾಟಿ ಇಲ್ಲಿ ನಿಲ್ಲುವವರಿದ್ದಾರೆ. ಕಣ್ಣು, ಬಣ್ಣ ಗುರುತಿಸುವ ಶಕ್ತಿ, ಕಿವಿ, ಹಲ್ಲು, ಎತ್ತರಕ್ಕೆ ತಕ್ಕ ತೂಕ, ಮೊಣಕಾಲು, ಪಾದ ಎಲ್ಲ ನೋಡುತ್ತಾರೆ. ಹೋಗುವ ಒಂದು ತಿಂಗಳ ಮೊದಲು ಊರಲ್ಲೇ ಕಣ್ಣು, ಕಿವಿ, ಹಲ್ಲಿನ ಡಾಕ್ಟರಿಗೆ ತೋರಿಸಿ. ಕಿವಿಯ ಗುಗ್ಗೆ ತೆಗೆಸುವುದು, ಹುಳುಕು ಹಲ್ಲು ತುಂಬಿಸುವುದು ಇಲ್ಲೇ ಆಗುವ ಸಣ್ಣ ಕೆಲಸಗಳು. ಅನರ್ಹ ಎಂದರೆ ಮೇಲ್ಮನವಿಗೆ ಅವಕಾಶವಿದೆ, ಅಲ್ಲೇ ಅಳುತ್ತ ರೈಲು ಹತ್ತಬೇಡಿ, ಕ್ರಮ ಕೇಳಿ ಬರೆದುಕೊಳ್ಳಿ.

ಹಂತ 8: ಸುಳ್ಳು ಇಂಟರ್‌ವ್ಯೂಗಳಿಂದ ದೂರ

"ಮ್ಯಾನೇಜ್‌ಮೆಂಟ್ ಸೀಟ್ ಅದ, ಬೆಂಗಳೂರಿಗೆ ಬರ್ರಿ, ಡೈರೆಕ್ಟ್ ಇಂಟರ್‌ವ್ಯೂ" ಎಂಬ ಫೋನು ಬಂದರೆ ಇಟ್ಟುಬಿಡಿ. ರಾಜ್ಯದ ಖಾಸಗಿ ಕಾಲೇಜುಗಳ ಎನ್‌ಆರ್‌ಐ, ಮ್ಯಾನೇಜ್‌ಮೆಂಟ್ ಸೀಟುಗಳೂ ಕೆಇಎ ಮೂಲಕವೇ, ನೀಟ್ ಅರ್ಹತೆ ಇದ್ದವರಿಗೇ ಸಿಗುತ್ತವೆ. ಮುಂಗಡ ಕೇಳಿದವನು ಕಾಲೇಜಿನವನಲ್ಲ.

ವಿದೇಶದ ಎಂಬಿಬಿಎಸ್ ಏಜೆಂಟರು ಮಾಡಿಸುವ ಹತ್ತು ನಿಮಿಷದ ಆನ್‌ಲೈನ್ ಇಂಟರ್‌ವ್ಯೂದಲ್ಲಿ ಫೇಲಾದವರನ್ನು ನಾನು ಕಂಡಿಲ್ಲ. ನೀವೇ ಅವರನ್ನು ತಿರುಗಿ ಕೇಳಬೇಕಾದ್ದು ಬೇರೆ: ಕೋರ್ಸು ಕನಿಷ್ಠ 54 ತಿಂಗಳು ಇದೆಯೇ? ಪಾಠ ಇಂಗ್ಲಿಷಿನಲ್ಲೇ? 12 ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲೇ? 2021ರ ನಿಯಮದಂತೆ ಇವಿಲ್ಲದೆ ಇಲ್ಲಿ ಮರಳಿ ವೃತ್ತಿ ಮಾಡಲು ಬಾರದು. ನೀಟ್ ಅರ್ಹತೆಯಂತೂ ವಿದೇಶಕ್ಕೂ ಬೇಕು.

ಇನ್ನು ಮೊಬೈಲಿನಲ್ಲಿ ನೋಡುವ ಎಂಎಂಐ, ಅಂದರೆ ಕೋಣೆಯಿಂದ ಕೋಣೆಗೆ ಗಂಟೆ ಹೊಡೆದಂತೆ ಸಾಗುತ್ತ ಒಂದೊಂದರಲ್ಲಿ ಕೆಲವೇ ನಿಮಿಷ ಮಾತಾಡುವ ಸಂದರ್ಶನ. ಅದು ಕೆನಡಾದಲ್ಲಿ ಹುಟ್ಟಿ ಬ್ರಿಟನ್, ಆಸ್ಟ್ರೇಲಿಯಾಕ್ಕೆ ಹಬ್ಬಿದ ಪದ್ಧತಿ. ಅಲ್ಲಿಗೆ ಅರ್ಜಿ ಹಾಕಿದವರು ಮಾತ್ರ ಆ ವಿಡಿಯೊ ನೋಡಿ.

ಹಂತ 9: ಸೀಟು ಸಿಕ್ಕ ಮೇಲೆ ಕಾಲೇಜಿನ ಕೌಂಟರು

ಕಾಲೇಜಿನಲ್ಲಿ ಸೇರುವ ದಿನವೂ ಇಂಟರ್‌ವ್ಯೂ ಇಲ್ಲ, ಸರದಿ ಇರುತ್ತದೆ. ಹಂಚಿಕೆ ಪತ್ರ, ಶುಲ್ಕದ ರಸೀದಿ, ಟಿಸಿ, ಮೂಲ ದಾಖಲೆಗಳು, ವೈದ್ಯಕೀಯ ಪ್ರಮಾಣಪತ್ರ, ರ‍್ಯಾಗಿಂಗ್ ಮಾಡುವುದಿಲ್ಲ ಎಂಬ ಮುಚ್ಚಳಿಕೆ. ಸಿಬಿಎಸ್‌ಇಯವರಿಗೆ ಮೈಗ್ರೇಷನ್ ಪ್ರಮಾಣಪತ್ರವೂ ಬೇಕು. ಪುಣೆಯ ಕರೆ ಇನ್ನೂ ಬಾಕಿಯಿದ್ದರೆ ಮೂಲ ದಾಖಲೆ ಒಪ್ಪಿಸುವ ಮೊದಲೇ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಪ್ಪಿಸಿದ ಕಾಗದಗಳ ಪಟ್ಟಿಯಿರುವ ಸ್ವೀಕೃತಿಯನ್ನು ಸೀಲು ಹಾಕಿಸಿ ಪಡೆಯಿರಿ. ಅದಕ್ಕೂ ಮೊದಲು ಎಲ್ಲದರ ಹತ್ತು ಸೆಟ್ ಝೆರಾಕ್ಸ್, ಮೊಬೈಲಿನಲ್ಲಿ ಸ್ಕ್ಯಾನ್. ಆರು ತಿಂಗಳ ಒಳಗೆ ವಿದ್ಯಾರ್ಥಿವೇತನದ ಅರ್ಜಿಗೆ, ಹಾಸ್ಟೆಲಿಗೆ, ಬ್ಯಾಂಕಿನ ಸಾಲಕ್ಕೆ ಇವೇ ಕಾಗದಗಳನ್ನು ಮತ್ತೆ ಕೇಳುತ್ತಾರೆ, ಆಗ ಮೂಲ ಪ್ರತಿ ನಿಮ್ಮ ಕೈಯಲ್ಲಿರುವುದಿಲ್ಲ.